ಕಡೆಯ ಮಂಗಳವಾರದ ಗುಲಗಂಜಿ

ಆಷಾಢದ ಮೊದಲ ಮಂಗಳವಾರ, ಸಂಜೆ ಆರೂವರೆ. ಮಸೂತಿ ಎಂಬ ನಮ್ಮೂರಿನ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯಲು ಶುರು ಮಾಡಿದ್ದೇನೆ. ಓಣಿಯಲ್ಲಿ ಇಂದು ಗುಳ್ಳವ್ವನ ಹಾಡು ಕೇಳಿಸಲೇ ಇಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ಆ ದಿನಗಳಲ್ಲಿ ಹೀಗಿರಲಿಲ್ಲ. ಆಷಾಢದ ಪ್ರತಿ ಮಂಗಳವಾರ ನಾವು ಹುಡುಗಿಯರು ಎರೆಮಣ್ಣು ಕಲಸಿ ಗುಳ್ಳವ್ವನನ್ನು ಮಾಡಿ, ಮೈತುಂಬ ಕುಸುಬಿ, ಜೋಳ ಒತ್ತಿ, ತಾಟಿನಲ್ಲಿಟ್ಟುಕೊಂಡು ಮನೆಮನೆಗೆ ಹಾಡುತ್ತ ಹೋಗುತ್ತಿದ್ದೆವು. ಮರುದಿನ ಅವಳನ್ನು ಮಾಳಿಗೆಯ ಮೇಲಿಡುವುದು. ಅಲ್ಲಿ ಮಳೆಗೆ ಕರಗುತ್ತಿದ್ದಳು; ಮುಂದಿನ ವಾರ ಹೊಸಬಳು. ಕಡೆಯ ಮಂಗಳವಾರ ಮಾದಲಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಲದಲ್ಲಿ ಊಟ.

ನನ್ನ ಜೊತೆಗಾತಿ ರೇಣುಕಾ. ಅವಳಪ್ಪ ಕಾಲುವೆ ಕೆಲಸಕ್ಕೆಂದು ಬಂದು ಎದುರು ಮನೆಯಲ್ಲಿ ಬಾಡಿಗೆಗಿದ್ದರು. ನನಗೆ ಆಗಲೇ ಲೆಕ್ಕ ಇಡುವ ಚಟ. ಒಂದೊಂದು ಮಂಗಳವಾರ ಮುಗಿದಾಗಲೂ ಗೋಡೆಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದೆ. ಇಬ್ಬರೂ ಬೇಲಿಯಲ್ಲಿ ಆರಿಸಿದ ಗುಲಗಂಜಿಯನ್ನೆಲ್ಲ ಕಡೆಯ ವಾರದ ಗುಳ್ಳವ್ವನಿಗೆಂದು ಪೌಡರ್ ಡಬ್ಬಿಯಲ್ಲಿ ಕೂಡಿಟ್ಟಿದ್ದೆ.

"ಏ ಜಿಪುಣವ್ವಾ, ಡಬ್ಬಿ ತಗಿ. ಇವತ್ತಿನ ಗುಳ್ಳವ್ವ ಏನ್ ಪಾಪ ಮಾಡ್ಯಾಳ?" ಎನ್ನುತ್ತಿದ್ದಳು ರೇಣುಕಾ.

"ಕಡೀ ಮಂಗಳವಾರ ಹಚ್ಚೂಣು. ಅವತ್ತ ಎಲ್ಲಾರೂ ನೋಡ್ತಾರ."

"ಅವತ್ತಿಂದು ಅವತ್ತ ನೋಡೂಣು."

ಮೂರನೆಯ ಮಂಗಳವಾರ ಅವಳು ಕೈ ಚಾಚಿದಳು. "ಹಣಿಗೆ ಒಂದರ ಕೊಡು."

"ಇನ್ನೊಂದ ವಾರ ತಡಿಯಾಕ ಆಗಂಗಿಲ್ಲೇನ? ಬರೂ ವಾರ ನೀ ಇರ್ತಿ ಹೌದಿಲ್ಲೋ?"

"ಇರ್ತೇನಿ. ಎಲ್ಲಿಗಿ ಹೋಗ್ಲಿ?" ಎಂದಳು, ಮಣ್ಣಿನಿಂದ ಮುಖ ಎತ್ತದೆ. ಗುಳ್ಳವ್ವನ ಹಣೆಗೆ ಒಂದು ಕುಸುಬಿ ಕಾಳು ಒತ್ತಿದಳು.

ಕಡೆಯ ಮಂಗಳವಾರ ಬುತ್ತಿ, ಡಬ್ಬಿ ಎರಡನ್ನೂ ಹಿಡಿದು ಓಡಿದೆ. ಎದುರು ಮನೆಗೆ ಕೀಲಿ. ಪಕ್ಕದ ಮನೆಯ ಆಯಿ ಎಲೆ ಅಡಿಕೆ ಜಗಿಯುತ್ತ, "ಅವ್ರ ನಿನ್ನಿ ಸಾಮಾನ ಹೇರಿಕೊಂಡ ಹೋದ್ರಲ್ಲ? ನಿಮ್ಮವ್ವ ಹೇಳಿಲ್ಲೇನ?" ಎಂದಳು. ಹಿಂದಿನ ದಿನ ನಾನು ಸಾಲೆಯಲ್ಲಿದ್ದೆ; ಸಂಜೆ ಬಂದವಳು ಎದುರು ಬಾಗಿಲಿನ ಕೀಲಿ ಗಮನಿಸಿರಲಿಲ್ಲ.

ಮನೆಗೆ ಓಡಿ ಬಂದು ಕೇಳಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತಿಂಗಳಿಂದ ಗೊತ್ತಿತ್ತವಾ. ನಿನಗ ಹೇಳಬ್ಯಾಡ್ರಿ ಅಂತ ರೇಣುಕಾನ ಅಂದಿದ್ಲು. ಹೇಳಿದ್ರ ನೀ ಅಳಕೋತ ಕುಂದರ್ತಿದ್ದಿ. ಇದ್ದಷ್ಟ ದಿನ ನಕ್ಕೋತ ಆಡ್ಲಿ ಅಂತ ಸುಮ್ಮನಾದ್ವಿ."

ಆಡಿದವಳು ಅವಳು. ಅವಳಿಗೆ ಎಲ್ಲ ಮಂಗಳವಾರವೂ ಕಡೆಯದಾಗಿತ್ತು. ನಾನೋ, ಬಾರದ ದಿನಕ್ಕಾಗಿ ಕಾಯುತ್ತ, ಇದ್ದ ಮೂರನ್ನೂ ಗೆರೆ ಎಳೆದು ಅಳಿಸಿಬಿಟ್ಟೆ. ಇಡೀ ಓಣಿಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಈಗ ಮಣ್ಣಿನ ಮಾಳಿಗೆಗಳು ಹೋಗಿ ಸ್ಲ್ಯಾಬ್ ಬಂದಿವೆ. ಎರೆಮಣ್ಣಿಗೆ ಕೈ ಹಾಕುವ ಹುಡುಗಿಯರಿಲ್ಲ. ಇವತ್ತು ಇರುವುದನ್ನು ಅನುಭವಿಸು ಎಂದು ಯಾರಾದರೂ ಬುದ್ಧಿ ಹೇಳಿದರೆ, ಏನನ್ನು ಮುಚ್ಚಿಡುತ್ತಿದ್ದಾರೋ ಎಂದು ಮೊದಲು ಅವರ ಮುಖ ನೋಡುತ್ತೇನೆ.

ಡಬ್ಬಿ ನನ್ನ ಹತ್ತಿರವೇ ಇದೆ. ಅವರು ಇಂಡಿ ಕಡೆ ಹೋದರೆಂದು ಕೆಲವರು, ಮುದ್ದೇಬಿಹಾಳಕ್ಕೆಂದು ಕೆಲವರು ಹೇಳುತ್ತಾರೆ. ರೇಣುಕಾ ಎಲ್ಲಿದ್ದಾಳೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅವಳನ್ನು ಕೇಳಬೇಕಾದದ್ದು ಒಂದೇ: ಒಂದಾದರೂ ಕೊಡು ಎಂದು ಕೈ ಚಾಚಿದಾಗಲಾದರೂ ಯಾಕೆ ಹೇಳಲಿಲ್ಲ?