ಹಗುರ ಸೈಕಲ್ಲು, ಜೋಮು ಹಿಡಿದ ಬೆರಳು

ರಾಣೆಬೆನ್ನೂರಿನ ಅಂಗಡಿಯಲ್ಲಿ ನಾನು ಸೈಕಲ್ಲುಗಳನ್ನು ಹತ್ತಿ ನೋಡಲಿಲ್ಲ, ಎತ್ತಿ ನೋಡಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖರೀದಿ ಮಾಡುವವನ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ಒಂದೇ ಗಾತ್ರದ ಎರಡು ಚೀಲ ಇದ್ದರೆ ಹಗುರವಾದದ್ದೇ ಒಳ್ಳೆಯ ಮಾಲು. ಭಾರವಿದ್ದರೆ ಒಳಗೆ ಹಸಿ ಇದೆ ಎಂದೇ ಅರ್ಥ. ಹಾಗೆ ಒಂದೊಂದನ್ನೇ ಎತ್ತುತ್ತ, ಎಲ್ಲಕ್ಕಿಂತ ಹಗುರವಾದ, ಹ್ಯಾಂಡಲ್ ಟಗರಿನ ಕೊಂಬಿನಂತೆ ಬಾಗಿದ ಒಂದನ್ನು ಆರಿಸಿದೆ.

"ಎತ್ತಿ ಏನ್ ನೋಡ್ತೀರಿ ಸರ, ಹತ್ತಿ ಕುಂತ ನೋಡ್ರಿ," ಎಂದ ಅಂಗಡಿಯವ. ಹತ್ತಿದೆ. ಹ್ಯಾಂಡಲ್ ತುಸು ದೂರ ಅನಿಸಿತು. "ಒಂದ್ ವಾರ ಅಷ್ಟ. ಆಮ್ಯಾಲೆ ರೂಢಿ ಆಗತೈತ್ರಿ," ಎಂದ. ನನ್ನ ಮಂಡಿನೋವಿಗೆ ನಡೆಯುವುದು ಬೇಡ, ಸೈಕಲ್ ಹೊಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಹಾವೇರಿಗೆ ಹೋಗಿ ಚಹಾ ಕುಡಿದು ಬರಬೇಕೆಂಬ ಆಸೆ ನನಗೆ. ರೂಢಿಯಾಗುತ್ತದೆ ಎಂಬ ಮಾತನ್ನು ನಂಬಿಬಿಟ್ಟೆ.

ಮಂಡಿಯೇನೋ ಆರಾಮಾಯಿತು. ಆದರೆ ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದವು. ಇಳಿದ ಮೇಲೂ ಬಿಡಲಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತಿರಬಹುದು, ನನಗೆ ಹೊಟ್ಟೆಪಾಡಿನ ಮಾತು. ಪೇಟೆಯ ದಿನ ರಾಶಿಯೊಳಗೆ ಕೈ ಹಾಕಿ, ಹಿಡಿ ಕಾಯಿ ಹಿಚುಕಿ, ಎಷ್ಟು ಒಣಗಿದೆ ಎಂದು ಬೆರಳಿನಿಂದಲೇ ತಿಳಿದು ರೇಟು ಬರೆಯುವವನು ನಾನು. ಆ ಸೋಮವಾರ ಹಿಚುಕಿದೆ. ಅರ್ಧ ಕೈ, ಕಾಯಿ ಒಣಗಿದೆ ಎಂದಿತು, ಉಳಿದರ್ಧ ಏನೂ ಹೇಳಲಿಲ್ಲ. ಪಕ್ಕದ ರಾಶಿಗೆ ಹೋಗಿ ಮತ್ತೆ ಹಿಚುಕಿದೆ, ಅದೇ ಕಥೆ. ಗಾಬರಿಯಾಗಿ, ರೇಟು ಬರೆಯದೆ ಮನೆಗೆ ಬಂದೆ.

ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಹಾವೇರಿಯ ಚಹಾದಂಗಡಿಯಲ್ಲಿ ಸಿಗುವ ಸೈಕಲ್ ಮಂದಿಯಲ್ಲಿ ಒಬ್ಬರು ಸೀಟು ಏರಿಸಿ ಎಂದರು, ಇನ್ನೊಬ್ಬರು ಇಳಿಸಿ ಎಂದರು. ಮೊಬೈಲಿನ ವಿಡಿಯೋದವನು ಅದು ಸೀಟಿನ ತಂಟೆಯೇ ಅಲ್ಲ, ಟೈರಿನ ಗಾಳಿ ಕಡಿಮೆ ಮಾಡಿ ಎಂದ. ಹೇಳಿದ್ದಕ್ಕೆಲ್ಲ ಗೋಣು ಹಾಕುವ ಜಾಯಮಾನ ನನ್ನದು. ಸೀಟು ಏರಿಸಿದೆ, ಮುಂದಕ್ಕೆ ಸರಿಸಿದೆ, ಹ್ಯಾಂಡಲ್ ತಿರುವಿದೆ, ಗಾಳಿ ಬಿಟ್ಟೆ, ಮೆತ್ತನೆಯ ಗ್ಲೌಸ್ ಹಾಕಿದೆ. ಒಂದು ದಿನ ಜೋಮು ಕಡಿಮೆ, ಮರುದಿನ ಹೆಚ್ಚು. ಯಾವುದರಿಂದ ಏನಾಯಿತೋ ದೇವರಿಗೇ ಗೊತ್ತು.

"ಎಲ್ಲಾ ಒಮ್ಮೆಲೇ ಬದಲ್ ಮಾಡಿದ್ರ ಹೆಂಗ್ ತಿಳೀಬೇಕ್ರಿ?" ಎಂದಳು ಹೆಂಡತಿ. ಅಂಗಳದಲ್ಲಿ ಸೈಕಲ್ ಹಿಡಿದುಕೊಂಡು ನನ್ನನ್ನು ಹತ್ತಿಸಿದಳು. ಸ್ವಲ್ಪ ಹೊತ್ತು ನೋಡಿ, "ನೀವು ಸೀಟಿನ ಮ್ಯಾಲೆ ಕುಂತಿಲ್ಲ, ಕೈ ಮ್ಯಾಲೆ ಕುಂತೀರಿ," ಎಂದಳು.

ಮತ್ತೆ ರಾಣೆಬೆನ್ನೂರು, ಈ ಸಲ ಹೆಂಡತಿಯ ಜೊತೆ. ನನ್ನ ಮೈಗೆ ಆ ಸೈಕಲ್ಲೇ ಉದ್ದವೆಂದು ಅಂಗಡಿಯವನೂ ಈಗ ಒಪ್ಪಿದ. ಗಿಡ್ಡದೊಂದನ್ನು ತಂದ. ಎತ್ತಿದರೆ ಕಬ್ಬಿಣದ ಭಾರ. ನನ್ನ ಮುಖ ನೋಡಿ ಹೆಂಡತಿ, "ಅದನ್ನ ಹೊತ್ಕೊಂಡ್ ಹೋಗೋರೇನ್ರಿ ನೀವು?" ಎಂದಳು. ಹತ್ತಿದೆ. ಮೊಣಕೈ ತಾನಾಗಿ ಸಡಿಲವಾಯಿತು, ಬೆರಳು ಹ್ಯಾಂಡಲ್ ಮೇಲೆ ಸುಮ್ಮನೆ ಕುಳಿತವು. ಮೈ ಇದೇ ಸರಿ ಎಂದಿತು, ಎತ್ತಿದ ಕೈ ಮಾತ್ರ ಇದು ಖೋಟಾ ಮಾಲು ಎನ್ನುತ್ತಲೇ ಇತ್ತು. ತಲೆ ಕೆಟ್ಟುಹೋಗಿ, ಹೆಂಡತಿ ಹೂಂ ಅಂದದ್ದಕ್ಕೇ ಹೂಂ ಅಂದು ಅದನ್ನು ಬದಲಿಸಿಕೊಂಡು ಬಂದೆ.

ಈಗ ಹಾವೇರಿಗೆ ಹೋಗಿಬಂದರೂ ಹೊಸ ಜೋಮು ಏರುವುದಿಲ್ಲ. ಹಳೆಯದು ಇಳಿದಿಲ್ಲ. ನಿಧಾನಕ್ಕೆ ಹೋಗುತ್ತದೆ ಎನ್ನುತ್ತಾರೆ ಡಾಕ್ಟರು. ಹೋಗದಿದ್ದರೆ ಎಂದು ಕೇಳಿದರೆ, ನೋಡೋಣ ಎನ್ನುತ್ತಾರೆ. ನನಗೆ ಹೆದರಿಕೆ ಇದೆ.

ಕಳೆದ ಗುರುವಾರ ಹೆಂಡತಿಯನ್ನೂ ಪೇಟೆಗೆ ಕರೆದುಕೊಂಡು ಹೋದೆ. ಕರ್ಜಗಿಯ ಹೊಲದಲ್ಲಿ ಮೆಣಸಿನಕಾಯಿ ಒಣಗಿಸುತ್ತಲೇ ಬೆಳೆದವಳು ಅವಳು. ಮೊದಲ ರಾಶಿಯಿಂದ ಒಂದು ಹಿಡಿ ತೆಗೆದು, ಹಿಚುಕಿ ನೋಡಿ, ನನ್ನ ಅಂಗೈಗೆ ಹಾಕಿದಳು. "ಹೆಂಗ್ ಐತ್ರಿ?" ಎಂದಳು. ದಲಾಲರು, ಹಮಾಲರು, ಬೆಳೆದ ರೈತ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡು ಸಲ ಹಿಚುಕಿದೆ.

"ನನಗ ಗೊತ್ತಾಗವಲ್ದು," ಎಂದೆ. "ನೀನ ಹೇಳು."