ಭಾವನ ಬ್ರಾಂಡಿ, ಅತ್ತೆಯ ಮೊಣಕಾಲು

ಕಳೆದ ಮೇ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಶಿರ್ತಾಡಿಯಲ್ಲಿರುವ ಹೆಂಡತಿಯ ತವರಿನಲ್ಲಿ ನಾವು ನಾಲ್ವರು ಇಪ್ಪತ್ತು ವರ್ಷ ಹಳೆಯ ಫ್ರೆಂಚ್ ದ್ರಾಕ್ಷಿ ಬ್ರಾಂಡಿಯ ರುಚಿ ನೋಡಿದೆವು. ಬಾಟಲಿ ತಂದವರು ದುಬೈಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿರುವ ಭಾವ. ಐದು ದಿನ ಮೊದಲು, ಊರಿಗೆ ಬಂದ ದಿನವೇ ಅದನ್ನು ಅತ್ತೆಯ ಕಪಾಟಿನಲ್ಲಿ ಇಟ್ಟಿದ್ದರು. ಬ್ರಾಂಡಿಯ ವಿಷಯದಲ್ಲಿ ಮನೆಯಲ್ಲಿ ಭಾವನದೇ ಕೊನೆಯ ಮಾತು.

"ಗಡಿಬಿಡಿ ಬೇಡ. ಮೊದಲು ಮೂಸುವ," ಎಂದರು.

ಮೂಸಿದೆವು. "ಬೆಳ್ಳುಳ್ಳಿ ವಾಸನೆ ಉಂಟಲ್ಲ ಭಾವ," ಎಂದೆ.

"ಅದು ಮರದ ಪೀಪಾಯಿಯದ್ದು ಮಾರಾಯ್ರೇ. ನಿಮಗೆ ಅಭ್ಯಾಸ ಇಲ್ಲ." ಭಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಕೊನೆಗೆ ಕಾಳುಮೆಣಸಿನ ಖಾರ ಬರ್ತದೆ ನೋಡಿ. ಇಪ್ಪತ್ತು ವರ್ಷ ಇಟ್ಟರೆ ಮಾತ್ರ ಅದು ಬರುವುದು."

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. "ಅದನ್ನು ಯಾಕೆ ಕುಡಿಯುವುದು? ಗಂಟುನೋವಿಗೆ ಹಚ್ಚಲಿಕ್ಕೆ ಬೆಳ್ಳುಳ್ಳಿ, ಕಾಳುಮೆಣಸು ಜಜ್ಜಿ ಹಾಕಿ, ಸೋಸಿ ಇಟ್ಟದ್ದು. ಬ್ರಾಂಡಿ ತಾ ಅಂತ ಫೋನಿನಲ್ಲಿ ನಾನೇ ಹೇಳಿದ್ದಲ್ಲವಾ ಮಗಾ?"

ಭಾವ ಗ್ಲಾಸು ಕೆಳಗಿಡಲಿಲ್ಲ. "ಐದೇ ದಿವಸದಲ್ಲಿ ಇಷ್ಟು ಚೆನ್ನಾಗಿ ಹಿಡಿದಿದೆ ಅಂದರೆ ಮಾಲು ಒಳ್ಳೆಯದೇ," ಎಂದರು.

ಬಾಟಲಿ ಈಗ ಅತ್ತೆಯ ಮಂಚದ ಕೆಳಗಿದೆ. ಎಡ ಮೊಣಕಾಲು ವಾಸಿಯಾಗಿದೆ. ಬಲಗಾಲಿಗೆ ಹಚ್ಚುವುದು ನಡೆದಿದೆ.