ಕೊಡೆ ಹಾರಿದ ಒಂದು ನಿಮಿಷ

ಈಗ ನನ್ನ ಫೋನು ನನ್ನನ್ನು ಕೇಳದೆಯೇ ಅಪ್‌ಡೇಟ್ ಆಗುತ್ತದೆ. ಜಾಗ ಸಾಲದಿದ್ದರೆ ಫೋಟೋಗಳನ್ನೆಲ್ಲ ಎಲ್ಲಿಗೋ ಮೇಲಕ್ಕೆ ಕಳಿಸುತ್ತದೆಯಂತೆ, ಅದೂ ನನಗೆ ಕಾಣುವುದಿಲ್ಲ. ಆಗ ಹಾಗಿರಲಿಲ್ಲ. ಒಂದು ಅಪ್‌ಡೇಟ್ ಎಂದರೆ ಮನೆ ಖಾಲಿ ಮಾಡಿದಷ್ಟು ಗಲಾಟೆ. ಆದರೂ ಆ ಗಲಾಟೆಯ ಭಾನುವಾರ ನೆನಪಾದಾಗಲೆಲ್ಲ ನನಗೆ ಎರ್ನಾಕುಲಂನ ಆ ಎರಡು ಕೋಣೆಯ ಬಾಡಿಗೆ ಮನೆಗೆ ವಾಪಸು ಹೋಗಬೇಕು ಅನ್ನಿಸುತ್ತದೆ.

ನನ್ನ ಗಂಡನದು ತಿರುವನಂತಪುರದಲ್ಲಿ ಸರ್ಕಾರಿ ನೌಕರಿ, ನನ್ನದು ಎರ್ನಾಕುಲಂನಲ್ಲಿ ವಕೀಲರೊಬ್ಬರ ಆಫೀಸು. ಇಬ್ಬರೂ ಕಾಸರಗೋಡಿನವರು. ಒಂದೇ ಊರಿನಲ್ಲಿ ಸಂಸಾರ ಮಾಡುವ ಯೋಗ ಟ್ರಾನ್ಸ್‌ಫರ್ ಆರ್ಡರಿನ ಕೃಪೆಗೆ ಬಿಟ್ಟದ್ದಾಗಿತ್ತು, ಆ ಕೃಪೆ ವರ್ಷಗಟ್ಟಲೆ ಬರಲಿಲ್ಲ. ಅವರು ಶನಿವಾರ ಸಂಜೆ ಬಂದರೆ ಸೋಮವಾರ ನಸುಕಿನ ರೈಲಿಗೆ ಹೊರಡುತ್ತಿದ್ದರು. ನಡುವಿನ ದಿನಗಳಲ್ಲಿ ನಮ್ಮ ಮಾತೆಲ್ಲ ಮೆಸೇಜಿನಲ್ಲಿ. ಫೋನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆವು: ತಲುಪಿದೆ, ಊಟ ಆಯ್ತಾ, ಮಗಳ ಜ್ವರ ಬಿಟ್ಟಿತಾ. ನನ್ನ ಫೋನು ಯಾವಾಗಲೂ ತುಂಬಿ ತುಳುಕುತ್ತಿತ್ತು. ತುಂಬಿದರೆ ಪರದೆಯ ಮೂಲೆಯಲ್ಲಿ ಒಂದು ಲಕೋಟೆ ಮಿನುಗುವುದು. ಹಳೆಯದೊಂದನ್ನು ಅಳಿಸುವವರೆಗೆ ಹೊಸದು ಒಳಗೆ ಬರುವುದಿಲ್ಲ. ಅಳಿಸಲು ನನಗೆ ಕೈ ಬರುತ್ತಿರಲಿಲ್ಲ. ನಾನು ಮಹಾ ಜಿಪುಣಿ.

ಅವರ ಫೋನು ಸ್ವಲ್ಪ ಮೇಲ್ಜಾತಿಯದು, ಅದರಲ್ಲಿ ರೆಕಾರ್ಡರ್ ಇತ್ತು. ಒಮ್ಮೆಗೆ ಒಂದೇ ನಿಮಿಷ, ಅಷ್ಟಾದ ಕೂಡಲೇ ಕೀಂ ಎಂದು ನಿಂತುಬಿಡುತ್ತಿತ್ತು. ಮಗಳಿಗೆ ನಾಲ್ಕು ವರ್ಷವಿದ್ದಾಗ, ಒಂದು ಭಾನುವಾರ, ಆ ವಾರ ನಮ್ಮ ಬೋಟಿನ ಪ್ರಯಾಣದಲ್ಲಿ ನಡೆದದ್ದನ್ನು ಅವಳು ಅಪ್ಪನಿಗೆ ಹೇಳಿದ್ದಳು. ಅವರು ಅದನ್ನು ಹಿಡಿದಿಟ್ಟಿದ್ದರು. "ಅಪ್ಪ, ಬೋಟಿನಲ್ಲಿ ಅಮ್ಮನ ಕೊಡೆ ಹಾರಿತು. ನೀರಿಗೆ ಬಿತ್ತು. ಮುಳುಗ್ಲಿಲ್ಲ ಅಪ್ಪ, ಈಜಿತು. ಮತ್ತೆ ಉಂಟಲ್ಲ, ಮತ್ತೆ..." ಅಷ್ಟಕ್ಕೆ ಕೀಂ. ತಿರುವನಂತಪುರದ ಲಾಡ್ಜಿನ ಕೋಣೆಯಲ್ಲಿ ಆಫೀಸಿನಿಂದ ಬಂದು ಶರ್ಟು ಬಿಚ್ಚುವ ಮೊದಲು ಅದನ್ನೊಮ್ಮೆ ಕೇಳುತ್ತೇನೆ ಎಂದು ಅವರೇ ನನಗೆ ಹೇಳಿದ್ದರು.

ಅದು ಅಷ್ಟು ಮುಖ್ಯವಾದದ್ದು ಯಾಕೆಂದರೆ, ಶಾಲೆಗೆ ಸೇರಿದ ಮೇಲೆ ಮಗಳು ಕನ್ನಡ ಬಿಟ್ಟಳು. ನಮ್ಮ ಮಾತು ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳಂ. "ಇನ್ನೊಂದು ದೋಸೆ ಬೇಕಾ?" ಎಂದು ನಾನು ಕೇಳಿದರೆ "ವೇಂಡ ಅಮ್ಮೇ" ಎಂದು ಬೇಡ ಅನ್ನುವಳು. ಅಪ್ಪ ಹೋಗಿ ಅಚ್ಛನ್ ಆದರು. ಅವರು ನಗುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಬಾಯಿಂದ ಬಂದ ಕನ್ನಡ ಅಂತ ನಮ್ಮ ಹತ್ತಿರ ಉಳಿದಿದ್ದದ್ದು ಆ ಒಂದು ನಿಮಿಷ.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಅವರ ಆ ಫೋನು ಹ್ಯಾಂಗ್ ಆಗತೊಡಗಿತು. ಒಂದು ಶನಿವಾರ ಮನೆಗೆ ಬಂದವರೇ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದರು, "ಹೊಸ ಸಾಫ್ಟ್‌ವೇರ್ ಹಾಕ್ಬೇಕಂತೆ. ಹಾಕಿದ್ರೆ ಒಳಗಿದ್ದದ್ದೆಲ್ಲ ಹೋಗ್ತದಂತೆ."

"ಕೊಡೆಯೂ?"

"ಕೊಡೆಯೂ."

ಮರುದಿನ ತಿಂಡಿಯಾದ ಕೂಡಲೇ ಊಟದ ಮೇಜಿನ ಮೇಲೆ ಮೂರು ಫೋನು ಸಾಲಾಗಿ ಕೂತವು: ಅವರದು, ನನ್ನದು, ಕಪಾಟಿನಲ್ಲಿ ಮಲಗಿದ್ದ ಹಳೆಯದು. ಕೊಡೆಯನ್ನು ನನ್ನ ಫೋನಿಗೆ ದಾಟಿಸಬೇಕು, ಅಲ್ಲಿ ಜಾಗವಿಲ್ಲ. ಹಾಗಾಗಿ ನನ್ನ ಮೆಸೇಜುಗಳನ್ನು ಸಿಮ್ಮಿಗೆ ಸರಿಸುವುದು, ಸಿಮ್ಮನ್ನು ತೆಗೆದು ಹಳೆಯ ಫೋನಿಗೆ ಹಾಕುವುದು, ಅದರ ಹೊಟ್ಟೆಗೆ ಮೆಸೇಜು ಸುರಿಯುವುದು, ಖಾಲಿ ಸಿಮ್ಮನ್ನು ವಾಪಸು ತರುವುದು. ಪ್ರತಿ ಸಲವೂ ಬ್ಯಾಟರಿ ಬಿಚ್ಚಿ ಹಾಕಬೇಕು. ಮಧ್ಯಾಹ್ನವಾಗುವಷ್ಟರಲ್ಲಿ ನನ್ನ ಉಗುರು ಮುರಿಯಿತು, ಹಳೆಯ ಫೋನೂ ತುಂಬಿತು.

"ಊಟ ಆಯ್ತಾ ಅಂತ ಕೇಳಿದ್ದನ್ನೆಲ್ಲ ಯಾಕೆ ಇಟ್ಟಿದ್ದೀ ಮಾರಾಯ್ತಿ?" ಎಂದರು.

"ನೀವು ಕೇಳಿದ್ದಲ್ಲವಾ, ಅದಕ್ಕೆ."

ಉಳಿದವನ್ನು ನಾನೇ ಒಂದೊಂದಾಗಿ ಓದಿ ಅಳಿಸಿದೆ. ಓದದೆ ಅಳಿಸಬಹುದಿತ್ತು, ಮನಸ್ಸು ಬರಲಿಲ್ಲ.

ನನ್ನ ಫೋನಿನಲ್ಲಿ ಬ್ಲೂಟೂತ್ ಇರಲಿಲ್ಲ, ಇದ್ದದ್ದು ಇನ್‌ಫ್ರಾರೆಡ್. ಎರಡು ಫೋನುಗಳನ್ನು ಮೂತಿಗೆ ಮೂತಿ ತಾಗುವಂತೆ ಇಟ್ಟು, ಅಲುಗಾಡಿಸದೆ ಕಾಯಬೇಕು. ಮೊದಲ ಸಲ ಅವರ ಫೋನು ಅರ್ಧದಲ್ಲಿ ಹ್ಯಾಂಗ್ ಆಯಿತು. ಎರಡನೇ ಸಲ ಮಗಳು ಓಡಿ ಬಂದು ಮೇಜಿಗೆ ಒರಗಿದಳು, ಎಲ್ಲ ಕೆಟ್ಟಿತು. ನಾನು ಗದರಿದೆ. ಅವಳು ಮುಖ ಊದಿಸಿಕೊಂಡು ನೆಲದ ಮೇಲೆ ಕೂತಳು. ಮೂರನೇ ಸಲ ಫ್ಯಾನು ನಿಲ್ಲಿಸಿ, ಇಬ್ಬರೂ ಮೇಜಿನ ಎರಡು ತುದಿ ಹಿಡಿದು ಬೆವರುತ್ತ ಕೂತೆವು. ದಾಟಿತು. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮುಂದಿನ ಶನಿವಾರ ಅವರು ಅಪ್‌ಡೇಟ್ ಆದ ಫೋನಿನೊಂದಿಗೆ ಬಂದರು, ಜೊತೆಗೆ ಸ್ಟೇಷನ್ನಿನಿಂದ ಪಳಂಪೊರಿ, ನೇಂದ್ರ ಬಾಳೆಹಣ್ಣಿನ ಆ ದಪ್ಪ ಬಜ್ಜಿ. ಕೊಡೆಯನ್ನು ಅವರ ಫೋನಿಗೆ ವಾಪಸು ಕಳಿಸುವ ಮೊದಲು ಸರಿಯಾಗಿ ಉಂಟಾ ನೋಡುವ ಎಂದು ನನ್ನ ಫೋನಿನಲ್ಲಿ ಹಾಕಿದೆವು. ಆ ಸಣ್ಣ ಧ್ವನಿ ಬಂತು. ಕೊಡೆ ಹಾರಿತು, ನೀರಿಗೆ ಬಿತ್ತು, ಈಜಿತು. "ಮತ್ತೆ ಉಂಟಲ್ಲ, ಮತ್ತೆ..." ಕೀಂ.

ನೆಲದ ಮೇಲೆ ಕೂತು ಪಳಂಪೊರಿ ತಿನ್ನುತ್ತಿದ್ದ ಮಗಳು ತಲೆ ಎತ್ತಲಿಲ್ಲ. "ಮತ್ತೆ ಕೊಡೆ ಐಲ್ಯಾಂಡಿಗೆ ಹೋಯ್ತು," ಎಂದಳು. "ಅಲ್ಲಿ ದೊಡ್ಡ ಹಡಗಿಗೆ ಅಡ್ಡ ನಿಂತಿತು. ಹಡಗು ಹಾರನ್ ಹಾಕ್ತು."

ಕನ್ನಡದಲ್ಲಿ. ನಾಲ್ಕು ವರ್ಷದವಳು ನಿಲ್ಲಿಸಿದ ಜಾಗದಿಂದಲೇ.

ಅವರು ತಡಬಡಿಸಿ ತಮ್ಮ ಫೋನು ತೆಗೆದು ಗುಂಡಿ ಒತ್ತತೊಡಗಿದರು. ಹೊಸ ಸಾಫ್ಟ್‌ವೇರ್ ಬಂದು ಒಳಗಿನ ಜಾಗಗಳೆಲ್ಲ ಬದಲಾಗಿದ್ದವು. ರೆಕಾರ್ಡರ್ ಎಲ್ಲಿ ಹೋಯಿತೋ ಸಿಗಲಿಲ್ಲ. ಹಣೆ ಗಂಟಿಕ್ಕಿಕೊಂಡು ಹುಡುಕುತ್ತಲೇ ಇದ್ದರು. ನಾನು ಅವರ ಕೈ ಹಿಡಿದೆ.

"ಬಿಡಿ ಮಾರಾಯ್ರೆ," ಎಂದು ಪಿಸುಗುಟ್ಟಿದೆ. "ಕೇಳಿ."

ಅವರು ಫೋನನ್ನು ಮೇಜಿನ ಮೇಲಿಟ್ಟರು.

"ಅಮ್ಮ ಕೊಡೆಗೆ ಬೈದ್ಲು," ಎಂದಳು ಮಗಳು, ಬೆರಳು ನೆಕ್ಕುತ್ತ. "ನನಗೆ ಬೈಲಿಲ್ಲ. ನಾನು ಕೊಡೆಗೆ ಟಾಟಾ ಮಾಡಿದೆ ಅಪ್ಪ."

ಅಷ್ಟು ಹೇಳಿ ಮಲಯಾಳಂಗೆ ಮರಳಿದಳು. "ಒರೆಣ್ಣಂ ಕೂಡಿ," ಎಂದು ಇನ್ನೊಂದು ಪಳಂಪೊರಿಗೆ ಕೈ ಚಾಚಿದಳು. ಪೊಟ್ಟಣ ಖಾಲಿಯಾಗಿತ್ತು. ಅವರು ತಮ್ಮ ತಟ್ಟೆಯಲ್ಲಿದ್ದದ್ದನ್ನೇ ಅವಳಿಗೆ ಕೊಟ್ಟರು.

"ಇವಳ ಹತ್ರ ಉಂಟು ಮಾರಾಯ್ತಿ," ಎಂದರು ನನಗೆ. "ಎಲ್ಲಾ ಉಂಟು." ಅವರ ಕಣ್ಣು ತುಂಬಿತ್ತು, ನನ್ನದೂ.